ಅಳಿಯನ ಕುಣಿ

ಕಲ್ಲು ಕಾದ ಹೆಂಚಾಗಿತ್ತು. ಗಂಗರಾಜು ಸದ್ದಾಗದಂತೆ ಒಂದು ತೊಡೆಯ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. ಸದ್ದಾದರೆ ಕೇಳಿಸಿಕೊಳ್ಳುವುದಕ್ಕೆ ಈ ಕಲ್ಲಿನ ಹತ್ತಿರ ಒಂದು ಮೊಲವೂ ಸುಳಿಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸದ್ದಾಗದಂತೆಯೇ ಬದಲಿಸಿದ. ಕೂಡಿಸಿದಲ್ಲಿ ಕೂರುವುದು, ಹೇಳಿದ ಹಾಗೆ ಉಸಿರು ಹಿಡಿಯುವುದು, ಈ ವಿಧೇಯತೆ ತನ್ನ ಮೂಳೆಗೇ ಇಳಿದುಬಿಟ್ಟಿದೆಯಲ್ಲ ಎಂದು ಅವನಿಗೆ ತನ್ನ ಮೇಲೇ ರೇಗಿತು. ತಲೆಯ ಮೇಲೆ ಸತ್ತ ಮಾವ ರಂಗಯ್ಯನ ರುಮಾಲು. ಬೆಳಗ್ಗೆ ಹೆಂಡತಿ ರಂಜಿತಾ ಟ್ರಂಕಿನಿಂದ ತೆಗೆದು, ಅಂಗಳದಲ್ಲಿ ನಾಲ್ಕು ಸಲ ಕೊಡವಿ, ಅವನನ್ನು ಜಗಲಿಯ ಕೆಳಗೆ ನಿಲ್ಲಿಸಿ ತಾನು ಮೇಲೆ ನಿಂತು ಸುತ್ತಿದ್ದಳು. ಅವನು ತಲೆ ಬಗ್ಗಿಸಿ ನಿಂತಿದ್ದ. ಎಷ್ಟು ಕೊಡವಿದರೂ ನುಸಿಗುಳಿಗೆಯ ವಾಸನೆ ಹೋಗಿರಲಿಲ್ಲ. ಈ ವಾಸನೆ ಮೂಗಿಗೆ ಬಿದ್ದ ಜಿಂಕೆ ಪರಶುರಾಂಪುರ ದಾಟಿ ಆಂಧ್ರದಲ್ಲೇ ನಿಂತೀತು ಎಂದುಕೊಂಡ. ನಗು ಬರಲಿಲ್ಲ.

ಯುಗಾದಿಯ ಮಾರನೆಯ ದಿನ ಊರಿಗೆ ಊರೇ ಬೇಟೆಗೆ ಕೂರುತ್ತಿತ್ತು. ಬಂದೂಕು, ಬಲೆ ಎಲ್ಲ ಹಿಂದಿನವರ ಕಾಲಕ್ಕೇ ಮುಗಿದಿತ್ತು. ಜಿಂಕೆ ಕೊಂದರೆ ಜೈಲು ಎಂದು ಗೊತ್ತಾದ ಮೇಲೆ ಹಿರಿಯರು ದೇವರ ಮುಂದೆ ಕೂತು, ಬೇಟೆ ಬಿಡುವ ಹಾಗಿಲ್ಲ, ಜೀವ ತೆಗೆಯುವ ಹಾಗಿಲ್ಲ, ಅದಕ್ಕೆ ಹೊಲದ ಹೆಂಟೆ ಸಾಕು ಎಂದು ತೀರ್ಮಾನಿಸಿದ್ದರು. ಒಬ್ಬೊಬ್ಬರದೂ ಒಂದೊಂದು ಮರೆ: ಕಲ್ಲಿನ ಹಿಂದೆಯೋ ಜಾಲಿಯ ಬುಡದಲ್ಲೋ ಅಡಗಿ ಕೂರುವ ಜಾಗ. ಕೈಯಲ್ಲಿ ಹಿಡಿಯಷ್ಟು ಮೆತ್ತನೆಯ ಮಣ್ಣಿನ ಹೆಂಟೆ. ಯಾರ ಮರೆಯಿಂದ ಎಸೆದ ಹೆಂಟೆ ಗಂಡು ಜಿಂಕೆಯ ಮೈಗೆ ತಾಗಿ ಪುಡಿಯಾಗುತ್ತದೋ ಅವನ ಹೆಸರನ್ನು ಮಾರಮ್ಮನ ಗುಡಿಯ ಮುಂದೆ ಉರುಮೆ ಬಾರಿಸಿ ಕೂಗುತ್ತಾರೆ, ಆ ವರ್ಷದ ಮೊದಲ ಉಳುಮೆಯಾದ ಹೊನ್ನೇರನ್ನು ಮುಂದೆ ನಿಂತು ಹೂಡುವುದು ಅವನೇ. ನಿಯಮ ಒಂದೇ. ಕೂತವನು ಉರುಮೆ ಸದ್ದಾಗುವ ತನಕ ಏಳಬಾರದು. ಚೇಳು ಕಡಿದರೂ ಏಳಬಾರದು. ಎದ್ದರೆ ಆ ಮರೆ ಅವನ ಮನೆತನದ ಕೈತಪ್ಪಿತು, ಮತ್ತೆ ಕೇಳುವ ಹಾಗಿಲ್ಲ. ಹಾಗೆ ಎದ್ದು ಮರೆ ಕಳೆದುಕೊಂಡವರ ಮನೆಗಳನ್ನು ಊರಿನಲ್ಲಿ ಈಗಲೂ ಬೆರಳು ಮಾಡಿ ತೋರಿಸುತ್ತಾರೆ.

ಮರೆಗಳಲ್ಲೆಲ್ಲ ದೊಡ್ಡದು ಈ ಕಲ್ಲು. ದಿಬ್ಬದ ನೆತ್ತಿಯಲ್ಲಿ ಆನೆ ಮಲಗಿದ ಹಾಗೆ ಬಿದ್ದಿರುವ ಇದಕ್ಕೆ ರಂಗಯ್ಯನ ಕಲ್ಲು ಎಂದೇ ಹೆಸರು. ಎಲ್ಲಕ್ಕಿಂತ ಹೀನವಾದದ್ದು ಅಳಿಯನ ಕುಣಿ. ಜಿಂಕೆ ಮೇಯುವ ಹುಲ್ಲುಗಾವಲು, ಆ ಕಾವಲಿನ ಅಂಚಿನ ಬದುವಿನಲ್ಲಿ ಸೊಂಟದಾಳ ಅಗೆದ ಗುಂಡಿ ಅದು. ಮಧ್ಯಾಹ್ನದ ಗಾಳಿ ಕೂತವನ ಬೆನ್ನಿನಿಂದ ನೇರ ಕಾವಲಿಗೆ ಬೀಸುತ್ತದೆ. ಅವನು ಹಿಂದಿನ ದಿನ ಉಂಡ ಉಳ್ಳಾಗಡ್ಡಿಯ ವಾಸನೆಯೂ ಜಿಂಕೆಗೆ ಮುಟ್ಟುತ್ತದೆ. ಮೊಳಕಾಲ್ಮೂರಿನಿಂದ ಮನೆಅಳಿಯನಾಗಿ ಬಂದ ಮೊದಲ ಯುಗಾದಿಗೆ ರಂಗಯ್ಯನೇ ಅವನನ್ನು ಅಲ್ಲಿಗೆ ಕರೆದೊಯ್ದು ಇಳಿಸಿದ್ದ. "ಅಳಿಯಂದ್ರು ಇಲ್ಲೇ ಕೂರದು ಕಣಪ್ಪ, ಬೇಜಾರ್ ಮಾಡ್ಕಬ್ಯಾಡ. ನಿನಗೇನು, ಮಗ್ಗದ ಕುಣಿಯಾಗೆ ಕೂತು ಅಭ್ಯಾಸ ಐತಲ್ಲ," ಎಂದಿದ್ದ. ಸುತ್ತ ನಿಂತವರು ನಕ್ಕಿದ್ದರು. ಗಂಗರಾಜುವೂ ನಕ್ಕಿದ್ದ. ಆ ನಗೆ ಇವತ್ತಿಗೂ ಅವನ ದವಡೆಯಲ್ಲಿ ನೋಯುತ್ತದೆ. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಅವನ ಅಪ್ಪ, ಅಪ್ಪನ ಅಪ್ಪ ರೇಷ್ಮೆ ಸೀರೆ ನೇಯ್ದಿದ್ದರು. ಆ ಕುಣಿಯಲ್ಲಿ ಕೂತವನ ಮುಂದೆ ಚಳ್ಳಕೆರೆಯ ಸಾಹುಕಾರರೂ ಬಗ್ಗಿ ನಿಂತು ಸೆರಗು ನೋಡುತ್ತಿದ್ದರು. ಅವರು ಬಗ್ಗುತ್ತಿದ್ದುದು ಸೀರೆಗೆ ಎಂದು ತಿಳಿಯುವಷ್ಟು ಬುದ್ಧಿ ಅವನಿಗೂ ಇತ್ತು, ಆದರೂ ಬಗ್ಗುತ್ತಿದ್ದರು. ಹೊರಡುವ ದಿನ ಅವ್ವ ತೆಲುಗಿನಲ್ಲಿ ಹೇಳಿದ್ದಳು: "ಇಲ್ಲಟಂ ಪೋತೆ ನೀ ಪೇರು ಪೋತುಂದಿ ರಾ." ಮನೆಅಳಿಯನಾಗಿ ಹೋದರೆ ನಿನ್ನ ಹೆಸರೇ ಹೋಗುತ್ತದೆ ಎಂದು. ಅವ್ವ ಹಳೆಯ ಕಾಲದವಳು, ಏನೋ ಹೇಳುತ್ತಾಳೆ ಎಂದುಕೊಂಡಿದ್ದ. ಈ ಊರಿನ ಹಾಲಿನ ಡೈರಿಯಲ್ಲಿ, ಪಂಚಾಯ್ತಿಯಲ್ಲಿ, ಬಸ್ಸಿನಲ್ಲಿ, ಕೊನೆಗೆ ಶೇಂಗಾ ಒಕ್ಕುವ ಕಣದಲ್ಲಿ ಅವನು ರಂಗಯ್ಯನ ಅಳಿಯ. ಒಮ್ಮೆ ಫೋನು ಮಾಡಿದಾಗ ಎದುರಿಗೇ ಕೂತಿದ್ದ ಟ್ರ್ಯಾಕ್ಟರಿನವನ ಫೋನಿನ ಮೇಲೆ 'ರಂಗಯ್ಯ ಅಳಿಯ' ಎಂದು ಮೂಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ರಂಗಯ್ಯ ಸತ್ತು ಮಣ್ಣಾದರೂ ಇವನ ಅಳಿಯತನ ಸಾಯಲಿಲ್ಲ.

ಆದರೂ ರಂಗಯ್ಯನ ಮೇಲೆ ಅವನಿಗೆ ಪೂರ್ತಿ ಸಿಟ್ಟು ಹುಟ್ಟುತ್ತಿರಲಿಲ್ಲ. ಕುಣಿಗೆ ಇಳಿಸಿದ ಮುದುಕನೇ ಕೂರುವ ವಿದ್ಯೆಯನ್ನೂ ಹೇಳಿಕೊಟ್ಟಿದ್ದ. "ಮೊದ್ಲು ಗಾಳಿ ನೋಡು. ಆಮ್ಯಾಕೆ ನೆಳ್ಳು ನೋಡು. ಕಡೀಗೆ ಕುಂಡಿ ಊರು," ಎನ್ನುತ್ತಿದ್ದ. ಜಿಂಕೆ ಎದ್ದ ಮೇಲೆ ನೀನು ಕೂತರೆ ಅದು ನಿನ್ನನ್ನು ನೋಡುತ್ತದೆ, ಅದು ಮಲಗಿರುವಾಗಲೇ ಹೋಗಿ ಕೂತರೆ ನೀನು ಅದನ್ನು ನೋಡುತ್ತೀಯ. ಅದಕ್ಕೇ ನಡುಮಧ್ಯಾಹ್ನ, ಜಿಂಕೆ ನೆರಳಿಗೆ ಒರಗಿದಾಗ, ಕೂತುಬಿಡಬೇಕು. ಹೊತ್ತು ಇಳಿದು ಅದು ಗೋಕಟ್ಟೆಗೆ ನೀರಿಗೆ ಬರುವಾಗ ನೀನು ಬದುವಿನ ಕಲ್ಲುಗಳಲ್ಲಿ ಒಂದು ಕಲ್ಲಾಗಿರಬೇಕು. ಕಲಿಸಿದ್ದೆಲ್ಲ ಸರಿಯೇ. ಗಾಳಿ ನೋಡಿ ಕೂರು ಎಂದು ಕಲಿಸಿ, ಗಾಳಿ ಬೆನ್ನಿಗೆ ಬೀಸುವ ಗುಂಡಿಯಲ್ಲಿ ಕೂರಿಸುವ ನ್ಯಾಯ ಮಾತ್ರ ಯಾವುದು ಎಂದು ಅವನು ಕೇಳಿರಲಿಲ್ಲ. ಮುದುಕ ಸತ್ತ ವರ್ಷ ಕಲ್ಲು ತನಗೆ ಬರುತ್ತದೆಂದು ಕಾದ. ಗಂಡು ಮಕ್ಕಳಿಲ್ಲದ ಮನೆ, ಹೊಲ ಉಳುವವನು ಅವನು, ಮುದುಕನ ಮೈ ತೊಳೆದವನು ಅವನು. ಆದರೆ ರಂಗಯ್ಯನ ತಮ್ಮ ಶಿವಮೂರ್ತಪ್ಪ ಯಾರನ್ನೂ ಕೇಳದೆ ಕಲ್ಲನ್ನೇರಿ ಕೂತ. ಮರೆ ಹಂಚುವ ಯಜಮಾನಿಕೆಯೂ ಅವನದೇ. ಗಂಗರಾಜು ಮತ್ತೆ ಕುಣಿಗಿಳಿದ.

ಆಮೇಲೆ ಕಾವಲಿಗೆ ಸರ್ಕಾರದವರ ಗೋಡೆ ಬಂತು. ಹುಲ್ಲುಗಾವಲನ್ನು ಅಡ್ಡಡ್ಡ ಸೀಳಿಕೊಂಡು ಕಣ್ಣು ಹಾಯುವಷ್ಟು ಉದ್ದ. ಜಿಂಕೆಗಳ ಹಾದಿ ಕಲ್ಲಿನ ಬುಡದಲ್ಲೇ ಹಾಯುತ್ತಿತ್ತು; ಅದಕ್ಕೆ ಗೋಡೆ ಅಡ್ಡ ಬಂತು. ಒಂದು ಮಳೆಗಾಲದಲ್ಲಿ ಹಳ್ಳದ ನೀರು ನುಗ್ಗಿ ಅಳಿಯನ ಕುಣಿಯ ಪಕ್ಕಕ್ಕೇ ಗೋಡೆ ಒಂದಷ್ಟು ಕುಸಿಯಿತು. ಈಗ ಜಿಂಕೆಗಳಿಗೆ ನೀರಿಗೆ ಬರಲು ಅದೊಂದೇ ದಾರಿ. ಗಾಳಿ ಹೇಗೇ ಬೀಸಲಿ, ಬಾಯಾರಿಕೆಗೆ ಬೇರೆ ಬಾಗಿಲಿಲ್ಲ. ಊರಿನವರು ಮಾತ್ರ ಹಿಂದಿನ ಹಾಗೇ, ದೊಡ್ಡವರು ದೊಡ್ಡ ಮರೆಗೆ ಚಿಕ್ಕವರು ಚಿಕ್ಕ ಮರೆಗೆ ಎಂದು ಮರ್ಯಾದೆಯ ಪ್ರಕಾರ ಕೂತು, ಜಿಂಕೆಯಿಲ್ಲದ ಬಯಲನ್ನು ಕಣ್ಣು ಕಿರಿದಾಗಿಸಿ ನೋಡುತ್ತ, ಸಂಜೆ ಬೆನ್ನು ನೀವಿಕೊಂಡು ಮನೆಗೆ ಹೋಗುತ್ತಿದ್ದರು. ಕಳೆದ ವರ್ಷ ಒಂದು ಗಂಡು, ಬೆನ್ನೆಲ್ಲ ಕಪ್ಪು, ಹೊಟ್ಟೆ ಸುಣ್ಣದ ಬಿಳುಪು, ಕುಣಿಗೆ ಎಷ್ಟು ಹತ್ತಿರ ಬಂದು ನಿಂತಿತೆಂದರೆ ಅದರ ರೆಪ್ಪೆಗೂದಲು ಕಾಣಿಸಿತು. ಗಂಗರಾಜು ನೋಡುತ್ತಲೇ ಇದ್ದುಬಿಟ್ಟ. ಹೆಂಟೆ ಕೈಯಲ್ಲೇ ಉಳಿಯಿತು. ಕಲ್ಲಿನ ಮೇಲಿನಿಂದ ಎಲ್ಲವನ್ನೂ ಕಂಡಿದ್ದ ಶಿವಮೂರ್ತಪ್ಪ ಅವತ್ತು ಊಟದ ಪಂಕ್ತಿಯಲ್ಲಿ, "ನೇಯೋರ ಕೈಗೆ ಲಾಳಿ ಸೈ, ಹೆಂಟೆ ಅಲ್ಲ ಬಿಡು," ಎಂದ. ಆ ಮಾತು ಊರು ಸುತ್ತಿತು. ಗಂಗರಾಜು ಅವತ್ತೇ ನಿಶ್ಚಯ ಮಾಡಿಕೊಂಡ. ಹಿತ್ತಲ ಬೇಲಿಯ ಗೂಟಕ್ಕೆ ಬೆಳಗ್ಗೆ ಹಲ್ಲುಜ್ಜುವಾಗ, ಸಂಜೆ ಕುರಿ ಕೂಡುವಾಗ, ಯಾರೂ ಇಲ್ಲದ ಹೊತ್ತು ನೋಡಿ ಹೆಂಟೆ ಎಸೆದ. ಗೂಟದ ಒಂದು ಮಗ್ಗುಲು ಕೆಂಪಾಗಿಹೋಯಿತು. ಈ ಯುಗಾದಿಗೆ ಊರಿನ ಉರುಮೆಗಾರ ಹನುಮಣ್ಣ ಉರುಮೆ ಎತ್ತಿ, ಗುಡಿಯ ಮುಂದೆ, ಇಡೀ ಊರಿಗೆ ಕೇಳುವ ಹಾಗೆ ಗಂಗರಾಜು ಎಂದು ಕೂಗಬೇಕು. ರಂಗಯ್ಯನ ಅಳಿಯ ಎಂದಲ್ಲ. ಅವ್ವ ಇಟ್ಟ ಹೆಸರು. ಅವನಿಗೆ ಬೇಕಾಗಿದ್ದುದು ಅಷ್ಟೇ, ಅದು ದೊಡ್ಡ ಆಸೆಯೇನೂ ಅಲ್ಲ.

ಇವತ್ತು ಬೆಳಗ್ಗೆ ಗುಡಿಯ ಕಟ್ಟೆಯ ಮೇಲೆ ಶಿವಮೂರ್ತಪ್ಪ ಮರೆ ಹಂಚಲು ಕೂತ. ಒಬ್ಬೊಬ್ಬರ ಹೆಸರನ್ನೂ ಹೇಳಿ, ಕೊನೆಗೆ ಎಲೆಅಡಿಕೆ ಉಗುಳಿ ಬಂದು, "ಗಂಗರಾಜು, ಬಾರಪ್ಪ ಇಲ್ಲಿ," ಎಂದ. ಹೆಸರು ಹಿಡಿದೇ ಕರೆದ. ಅದೂ ಗಂಗರಾಜುವಿಗೆ ಆಮೇಲೆ ನೆನಪಾಗಿ ಮೈ ಉರಿಯಿತು.

"ನಮ್ಮಣ್ಣನ ಕಲ್ಲು ಈ ವರ್ಸದಿಂದ ನಿನ್ದು. ನನಗೂ ವಯಸ್ಸಾತು, ದಿಬ್ಬ ಹತ್ತಾಕಾಗಲ್ಲ. ನಾನು ಕೆಳಗಿನ ಮರೇಲಿ ಕೂತ್ಕಂತೀನಿ."

ಗುಂಪಿನಲ್ಲಿ ಒಳ್ಳೆಯ ಮಾತೆಂಬ ಗುಜುಗುಜು ಎದ್ದಿತು. "ಕೊಟ್ರೆ ಇಂಗೆ ಕೊಡ್ಬೇಕು ನೋಡ್ರಿ," ಎಂದ ಹನುಮಣ್ಣ.

ಕೆಳಗಿನ ಮರೆ. ನಿನ್ನೆ ಸಂಜೆಯವರೆಗೆ ಅಳಿಯನ ಕುಣಿಯಾಗಿದ್ದದ್ದು, ಜಿಂಕೆ ಬರಲು ಶುರುವಾದ ಮೇಲೆ, ಯಜಮಾನರು ಕೂರುತ್ತಾರೆಂದ ಕೂಡಲೇ, ಕೆಳಗಿನ ಮರೆಯಾಯಿತು. ಬೇಡ ಎನ್ನಬೇಕು. ನನ್ನ ಕುಣಿ ನನಗಿರಲಿ ಎನ್ನಬೇಕು. ಇಷ್ಟು ವರ್ಷ ನಿಮ್ಮೆಲ್ಲರ ನಗೆ ತಿಂದುಕೊಂಡು ಕೂತ ಜಾಗ, ಅದರ ಮಣ್ಣಿನಲ್ಲಿ ನನ್ನ ಮೈಯ ಅಚ್ಚು ಇದೆ ಎನ್ನಬೇಕು. ಎಷ್ಟು ಜನ, ಎಲ್ಲರೂ ಅವನ ಮುಖದಲ್ಲಿ ಸಂತೋಷ ಹುಡುಕುತ್ತಿದ್ದರು. "ಆಗ್ಲಿ ಮಾವ," ಎಂದಿತು ಅವನ ಬಾಯಿ. ಬೆನ್ನು ತಾನಾಗಿಯೇ ಬಾಗಿ, ಕೈ ಮುದುಕನ ಕಾಲು ಮುಟ್ಟಿತು. ಮುದುಕ ತಲೆ ನೇವರಿಸಿದ.

ಮನೆಗೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ರಂಜಿತಾ ಟ್ರಂಕಿನ ಮುಂದೆ ಕೂತಿದ್ದಳು. ರುಮಾಲು ಸುತ್ತುತ್ತ ಒಮ್ಮೆ ಹಿಂದೆ ಸರಿದು ನೋಡಿದಳು. "ನಮ್ಮಪ್ಪ ಇಂಗೇ ಎಡಗಡೀಗೆ ಒಂದು ಸುತ್ತು ಜಾಸ್ತಿ ಬಿಡ್ತಿದ್ದ," ಎಂದಳು. ಇನ್ನೊಮ್ಮೆ ಬಿಚ್ಚಿ, ಇನ್ನೊಮ್ಮೆ ಸುತ್ತಿದಳು. ಆ ಕಲ್ಲು ಈಗ ಬರೀ ಕಲ್ಲು ಕಣೆ, ನಿಮ್ಮ ಚಿಕ್ಕಪ್ಪ ತಿಂದು ಬಿಟ್ಟ ಎಲೆ ನನ್ನ ಮುಂದೆ ಹಾಕಿದ್ದಾನೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅವಳಿಗೆ ಗೊತ್ತಿಲ್ಲ, ಪಾಪ, ಎಂದುಕೊಂಡ. ಹೆಂಗಸರು ಗುಡಿಯ ಹತ್ತಿರ ಅಡುಗೆಗೆ ಕೂರುತ್ತಾರೆ, ಜಿಂಕೆ ಎಲ್ಲಿ ಬರುತ್ತದೆ ಎಲ್ಲಿ ಬರುವುದಿಲ್ಲ ಎಂಬುದು ಅವರಿಗೆ ಹೇಗೆ ತಿಳಿಯಬೇಕು.

ಕಲ್ಲಿನ ಮೇಲಿನಿಂದ ಎಲ್ಲ ಕಾಣುತ್ತಿತ್ತು, ಅದೇ ದೊಡ್ಡ ಶಿಕ್ಷೆ. ಎಡಕ್ಕೆ ಗೋಡೆ, ಗೋಡೆಯ ಕುಸಿದ ಬಾಯಿ, ಅದರ ಪಕ್ಕಕ್ಕೆ ಕುಣಿಯ ಅಂಚಿನಲ್ಲಿ ಶಿವಮೂರ್ತಪ್ಪನ ಬಿಳಿ ತಲೆ. ಬಲಕ್ಕೆ ಗೋಕಟ್ಟೆಯ ಕೆಸರು ನೀರು. ಹಿಂದೆ ದೂರದಲ್ಲಿ ಮಾರಮ್ಮನ ಗುಡಿಯ ಹೊಗೆ, ಹೆಂಗಸರ ಬಣ್ಣಗಳು. ದಿಬ್ಬದಾಚೆ ಗಾಳಿ ಫ್ಯಾನುಗಳ ಸಾಲು. ಫ್ಯಾನಿನ ಮುಖ ಯಾವ ಕಡೆಗೋ ಗಾಳಿ ಆ ಕಡೆಯಿಂದ. ಗಾಳಿ ತಿಳಿಯಲು ಈಗ ಮಣ್ಣು ತೂರಿ ನೋಡಬೇಕಾಗಿಲ್ಲ. ಇವತ್ತು ಫ್ಯಾನುಗಳು ಪಡುವಣಕ್ಕೆ ಮುಖ ಮಾಡಿ ಜೋರಾಗಿ ತಿರುಗುತ್ತಿದ್ದವು. ಅಂದರೆ ಮುದುಕನ ವಾಸನೆಯೆಲ್ಲ ಕುಸಿದ ಬಾಯಿಯ ಮೇಲೇ ಹಾಯುತ್ತಿದೆ. ಇಂಥ ಗಾಳಿಗೆ ಕುಣಿ ಬಿಟ್ಟು ಬಾಯಿಯ ಆಚೆ ಮಗ್ಗುಲಿನ ಕಳ್ಳಿಯ ಮರೆಗೆ ಸರಿಯಬೇಕು. ಗಂಗರಾಜುವಾಗಿದ್ದರೆ ಕೂರುವ ಮೊದಲೇ ಸರಿಯುತ್ತಿದ್ದ. ಮುದುಕ ಕಿತ್ತುಕೊಂಡ ಜಾಗದಲ್ಲಿ ಕೂತನೇ ಹೊರತು ಗಾಳಿ ನೋಡಲಿಲ್ಲ. ಕೂತಿರು ಮಗನೇ, ಚೆನ್ನಾಗಿ ಕೂತಿರು ಎಂದು ಗಂಗರಾಜು ಮನಸ್ಸಿನಲ್ಲೇ ಹೇಳಿದ. ಹಿರಿಯರನ್ನು ಹಾಗೆ ಬೈದದ್ದಕ್ಕೆ ನಾಚಿಕೆಯಾಯಿತು, ಹಿತವೂ ಆಯಿತು. ಬಾಯಲ್ಲಿ ಉಸಿರಿಗೆ ಸರಿಯಾಗಿ ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದ. ಮಗ್ಗದಲ್ಲಿ ಎಳೆ ಎಣಿಸುವ ಆ ಅಭ್ಯಾಸಕ್ಕೂ ಈ ಊರಿನವರು ನಗುತ್ತಿದ್ದರು.

ಹೊತ್ತು ಇಳಿದಾಗ ಅವು ಬಂದವು. ಮೊದಲು ಎರಡು ಹೆಣ್ಣು, ಹಿಂದೆ ಮರಿಗಳು, ಕೊನೆಗೆ ಆ ಗಂಡು, ಕಳೆದ ವರ್ಷದ್ದೇ, ತಿರುಚಿದ ಕೊಂಬು ಆಕಾಶಕ್ಕೆ ಚುಚ್ಚಿಕೊಂಡು. ಕುಸಿದ ಬಾಯಿಯಲ್ಲಿ ಮೂಗೆತ್ತಿ ನಿಂತವು. ಮುದುಕನ ತಲೆ ತಗ್ಗಿತು. ಗಂಡು ಒಮ್ಮೆ ಕಾಲು ಬಡಿದು, ಕುಣಿಯನ್ನು ದೂರವಿಟ್ಟು ದೊಡ್ಡ ಸುತ್ತು ಹಾಕಿ ಗೋಕಟ್ಟೆಗೆ ಹೋಯಿತು. ಉಳಿದವು ಅದರ ಹಿಂದೆ. ಹೆಂಟೆ ಅಲ್ಲ, ಕವಣೆ ಕಲ್ಲೂ ಮುಟ್ಟದ ದೂರ. ಗಂಗರಾಜುವಿಗೆ ಎದೆ ತುಂಬಿ ಬಂತು. ನ್ಯಾಯ ಎಂಬುದು ಒಂದಿದೆ ಎನ್ನಿಸಿತು. ಅಷ್ಟಕ್ಕೇ ಅವನು ಸುಮ್ಮನಿದ್ದಿದ್ದರೆ ಆಗಿತ್ತು. ಜಿಂಕೆಗಳು ನೀರು ಕುಡಿದು ತಲೆಯೆತ್ತಿದವು. ಆಗ ದಿಬ್ಬದಾಚೆಯ ಫ್ಯಾನುಗಳು ಒಂದೊಂದಾಗಿ ನಿಧಾನಕ್ಕೆ ಸುಸ್ತಾದವು. ಒಂದರ ಮುಖ ಬಡಗಕ್ಕೆ ಹೊರಳಿತು, ಇನ್ನೊಂದು ಹೊರಳಿತು. ಗಾಳಿ ತಿರುಗುತ್ತಿದೆ. ಇನ್ನು ಮುದುಕನ ವಾಸನೆ ಅತ್ತ ಹೋಗುವುದಿಲ್ಲ. ಇವು ನೇರವಾಗಿ, ಹತ್ತಿರದ ದಾರಿಯಲ್ಲಿ, ಕುಣಿಯ ಬಾಯಿಗೇ ವಾಪಸು ಬರುತ್ತವೆ. ಏನೂ ತಿಳಿಯದೆ, ಏನೂ ಕಷ್ಟಪಡದೆ, ಬೇರೆಯವನ ಗುಂಡಿಯಲ್ಲಿ ಕೂತ ಮುದುಕ ಕೈ ಎತ್ತುತ್ತಾನೆ, ಹೆಂಟೆ ತಾಗುತ್ತದೆ, ಹನುಮಣ್ಣ ಕೂಗುತ್ತಾನೆ, ನಾಳೆ ಗಂಗರಾಜು ಅವನ ಹೊನ್ನೇರಿನ ಹಿಂದೆ ಕೈಮುಗಿದು ನಡೆಯಬೇಕು. ರಂಗಯ್ಯನ ಅಳಿಯ ನಡೆಯಬೇಕು. ಗಾಳಿಯೂ ಯಜಮಾನರ ಕಡೆಗೇ ತಿರುಗಬೇಕೇ? ಎದ್ದರೆ ಕಲ್ಲು ಹೋಗುತ್ತದೆಂದು ಗೊತ್ತಿತ್ತು. ಹೋಗಲಿ. ಎಂಜಲು ಮರೆ, ಬರೀ ಕಲ್ಲು, ಯಾರಿಗೆ ಬೇಕು. ಇವರ ಕಲ್ಲು ಇವರಿಗೇ ಇರಲಿ. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ತನ್ನಿಷ್ಟಕ್ಕೆ ಏಳಬೇಕು ಎನ್ನಿಸಿತು, ಎದ್ದ. ಕಲ್ಲಿನ ನೆತ್ತಿಯ ಮೇಲೆ ಪೂರ್ತಿ ನೆಟ್ಟಗೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಬಾಯಿಗೆ ಬಂದದ್ದನ್ನು ತೆಲುಗಿನಲ್ಲಿ ಕೂಗಿದ.

ಜಿಂಕೆಗಳು ಗಾಳಿಯಲ್ಲಿ ನೆಗೆದವು. ಒಂದು ಗಳಿಗೆ ಅವನಿಗೆ ಸ್ವರ್ಗ ಸುಖ. ಮರುಗಳಿಗೆಯಲ್ಲಿ, ಕುರಿ ಕಾಯುವ ಹುಡುಗನಿಗೂ ಗೊತ್ತಿರುವ ಸಂಗತಿ ಅವನಿಗೆ ಹೊಳೆಯಿತು: ಬೆದರಿದ ಜಿಂಕೆ ವಾಸನೆ ನೋಡುವುದಿಲ್ಲ, ಸುತ್ತು ಹಾಕುವುದಿಲ್ಲ, ತಾನು ಬಂದ ಬಾಗಿಲಿಗೆ ಬಾಣದ ಹಾಗೆ ಓಡುತ್ತದೆ. ಹಿಂಡಿಗೆ ಹಿಂಡೇ ಕುಣಿಯ ಮೇಲೆ ನುಗ್ಗಿತು. ಬಿಳಿ ತಲೆಯೊಂದು ಕುಣಿಯ ಅಂಚಿನಲ್ಲಿ ಇಣುಕಿತು. ಕೈ ಬೀಸಿತು. ಗಂಡಿನ ಕಪ್ಪು ಪಕ್ಕೆಯ ಮೇಲೆ ಕೆಂಪು ಧೂಳು ಅರಳಿದ್ದು ಕಲ್ಲಿನವರೆಗೂ ಕಾಣಿಸಿತು. ಗುಡಿಯ ಕಡೆಯಿಂದ ಉರುಮೆ ಮೊರೆಯಿತು.

ಗುಡಿಯ ಮುಂದೆ ಶಿವಮೂರ್ತಪ್ಪ ಮೈಯೆಲ್ಲ ಮಣ್ಣಾಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಕೂತಿದ್ದ. ಬೈಯುತ್ತಾನೆ, ಹೊಡೆಯಲಿಕ್ಕೇ ಬರುತ್ತಾನೆ ಎಂದು ಗಂಗರಾಜು ಮೈ ಬಿಗಿದುಕೊಂಡು ಹೋಗಿದ್ದ. ಬೈದಿದ್ದರೆ ಅವನಿಗೆ ಹೇಳುವುದು ಬಹಳವಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದ. ಮುದುಕ ಅವನ ಕೈ ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡ.

"ಗಾಳಿ ತಪ್ಪಿ ಕೂತಿದ್ದೆ ಕಣ್ರಪ್ಪ. ವಾಪಸ್ಸೂ ಅವು ನನ್ನ ದೂರ ಇಟ್ಟೇ ಹೋಗ್ತಿದ್ವು, ಒಂದ್ಸಲ ಹೆದರಿದ ದಾರಿ ಅವು ಮರೆಯಲ್ಲ. ಇವನು ನೋಡು, ತನ್ನ ಮರೆ ಹೋದ್ರೂ ಹೋಗ್ಲಿ ಅಂತ ಎದ್ದು ಅಟ್ಟಿಕೊಟ್ಟ. ಯಾವ ಅಳಿಯ ಮಾಡ್ತಾನೆ ಹೇಳಿ."

ಹನುಮಣ್ಣ ಉರುಮೆ ಏರಿಸಿದ. ಬಂದೂಕಿನ ಕಾಲದಲ್ಲಿ ಮರೆಯವನ ಹೆಸರಿನ ಹಿಂದೆ ಜಿಂಕೆ ಅಟ್ಟುವ ಆಳಿನ ಹೆಸರನ್ನೂ ಕೂಗುವ ರೂಢಿಯಿತ್ತು. ಬಹಳ ವರ್ಷಗಳಿಂದ ಯಾರೂ ಅಟ್ಟಿರಲಿಲ್ಲವಾದ್ದರಿಂದ ಅದು ನಿಂತುಹೋಗಿತ್ತು. ಹನುಮಣ್ಣ ಮರೆತಿರಲಿಲ್ಲ.

"ಮರೆ ಶಿವಮೂರ್ತಪ್ಪಂದು," ಎಂದು ಕೂಗಿದ. ಉರುಮೆ ಬಡಿದ. "ಅಟ್ಟಿದೋನು ಗಂಗರಾಜು."

ಊರೆಲ್ಲ ಕೂಗಿತು. ಹೆಸರು ಬೇವಿನ ಮರಕ್ಕೆ, ಗೋಡೆಗೆ ತಾಗಿ ಎರಡೆರಡು ಸಲ ಕೇಳಿಸಿತು. ಅವನ ಹೆಸರೇ, ಒಂದಕ್ಷರವೂ ತಪ್ಪದೆ. ಅವನು ನಕ್ಕ. ಆ ಹಳೆಯ ನಗೆಯೇ ದವಡೆಗೆ ಬಂತು.

ರಂಜಿತಾ ಪಂಕ್ತಿಯ ಕಡೆ ಇರಲಿಲ್ಲ. ಗುಡಿಯ ಹಿಂದೆ, ಒಲೆಗಳ ಹೊಗೆಯಾಚೆ, ಕಲ್ಲು ಕಾಣುವ ಕಡೆಗೆ ಮುಖ ಮಾಡಿ ನಿಂತಿದ್ದಳು. ಅವನು ಹತ್ತಿರ ಹೋದಾಗಲೂ ತಿರುಗಲಿಲ್ಲ.

"ಎಲ್ರೂ ಜಿಂಕೆ ನೋಡ್ತಿದ್ರು," ಎಂದಳು. "ನಾನು ಮಧ್ಯಾಹ್ನದಿಂದ ಕಲ್ಲನ್ನೇ ನೋಡ್ತಿದ್ದೆ. ಯಾಕೆ ಎದ್ರಿ?"

"ಆ ಕಲ್ಲಿಗೆ ಈಗ ಜಿಂಕೆ ಬರಲ್ಲ ಕಣೆ. ನಿಂಗೆ ಗೊತ್ತಿಲ್ಲ. ಗೋಡೆ ಬಂದ ಮ್ಯಾಲೆ ಅಲ್ಲಿ ಒಂದು ಮೊಲಾನೂ ಹಾಯಲ್ಲ. ನಿಮ್ಮ ಚಿಕ್ಕಪ್ಪ ನನ್ನ ಕುಣಿ ಕಿತ್ಕಂಡು, ಒಣ ಕಲ್ಲು ತಲೆಗೆ ಕಟ್ಟಿ..."

"ಬರಲ್ಲ ಅಂತ ನಂಗೆ ಗೊತ್ತಿಲ್ವಾ? ನಾನು ಹುಟ್ಟಿದ ಊರು ಇದು." ಅವಳು ಈಗ ತಿರುಗಿದಳು. ಅತ್ತಿರಲಿಲ್ಲ. "ಕುಣಿ ಅವ್ರು ಕಿತ್ಕಂಡಿಲ್ಲ. ನಾನೇ ಕೊಟ್ಟೆ. ಹಬ್ಬಕ್ಕೆ ಮುಂಚೆ ಚಿಕ್ಕಪ್ಪನ ಮನೆಗೆ ಹೋಗಿ, ಜಿಂಕೆ ಬರೋ ಕುಣಿ ನೀನಿಟ್ಕ, ನಮ್ಮಪ್ಪನ ಕಲ್ಲು ನನ್ನ ಗಂಡಗೆ ಕೊಡು ಅಂದೆ. ಮೂರು ಸಲ ಹೋದೆ. ಮಾರಮ್ಮನ ಮುಂದೆ ಎಲ್ಲರ ಎದುರಿಗೆ, ಹೆಸರು ಹಿಡಿದು ಕರೆದೇ ಕೊಡ್ಬೇಕು ಅಂದೆ."

ಅವಳು ಗೋಡೆಯ ಕಡೆಗೆ ಕೈ ಮಾಡಿದಳು.

"ಜಿಂಕೆ ಇವತ್ತು ಈ ದಾರೀಲಿ ಬರುತ್ತೆ, ನಾಳೆ ಗೋಡೆ ಇನ್ನೊಂದು ಕಡೆ ಬಿದ್ರೆ ಆ ದಾರೀಲಿ ಹೋಗುತ್ತೆ. ಕಲ್ಲು ಅಲ್ಲೇ ಇರ್ತಿತ್ತು. ಉರುಮೆ ಆಗೋ ತಂಕ ಸುಮ್ನೆ ಕೂತಿದ್ರೆ, ನಾಳೆಯಿಂದ ಅದು ಗಂಗರಾಜುನ ಕಲ್ಲು. ನಿಮ್ಮನ್ನ ಅಳಿಯ ಅನ್ನಾಕೆ ಯಾರಿಗೂ ಬಾಯಿ ಇರ್ತಿರಲಿಲ್ಲ. ಕೂತಿರೋದು ಒಂದೇ ಇತ್ತು ನಿಮ್ಗೆ."

ಊಟಕ್ಕೆ ಎಲೆ ಹಾಕಿದ್ದರು. ಆ ಕಡೆಯಿಂದ ಶಿವಮೂರ್ತಪ್ಪನ ದನಿ ಬಂತು. "ಎಲ್ಲಪ್ಪ ನಮ್ಮಣ್ಣನ ಅಳಿಯ? ಕರೀರಿ ಅವನ್ನ, ನನ್ನ ಪಕ್ಕ ಕೂರ್ಲಿ." ಯಾರೋ "ಓ ರಂಗಯ್ಯನ ಅಳಿಯ," ಎಂದು ಹೊಗೆಯ ಕಡೆಗೆ ಕೂಗಿದರು.

"ಬಂದೆ," ಎಂದ ಗಂಗರಾಜು. ಅವನ ಬಾಯಿ ಅವನನ್ನು ಕೇಳಲಿಲ್ಲ.

ರಂಜಿತಾ ಕೈ ಚಾಚಿದಳು. ಏಕೆಂದು ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆ ಬಗ್ಗಿಸಿದ. ಅವಳು ರುಮಾಲು ಬಿಚ್ಚತೊಡಗಿದಳು. ಬೆಳಗ್ಗೆ ಸುತ್ತಲು ಹಿಡಿದಷ್ಟು ಹೊತ್ತು ಬಿಚ್ಚಲು ಹಿಡಿಯಲಿಲ್ಲ.